ಮಸಗುಪ್ಪಿ ಲೈನಿನ ಸಂಜೆಯ ತಾಸು

ಧಾರವಾಡದಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹತ್ತಿದೆ. ಏಪ್ರಿಲ್ ತಿಂಗಳು, ಆ ಹೊತ್ತಿಗಾಗಲೇ ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟುತ್ತಿತ್ತು. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟರು. ಬೆಳಗಾವಿಯಲ್ಲಿ ಬಸ್ಸು ಬದಲಿಸಿ ಹುಕ್ಕೇರಿಗೆ ಹೋಗಬೇಕಿತ್ತು. ನೇರವಾಗಿ ಗೋಕಾಕಕ್ಕೇ ಹೋಗಬಹುದಿತ್ತು, ಕೆಲಸ ಇದ್ದದ್ದು ಅಲ್ಲಿಂದ ಆಚೆ ಮೂಡಲಗಿಯಲ್ಲಿ. ಆದರೆ ಹುಕ್ಕೇರಿಯನ್ನು ಒಂದು ವರ್ಷದಿಂದ ತಪ್ಪಿಸಿಕೊಂಡು ಬಂದಿದ್ದೆ. ಅಲ್ಲಿಗೆ ಹೋಗದೆ ಮೂಡಲಗಿಯ ಕೆಲಸಕ್ಕೆ ಕೈ ಹಾಕಲು ಮನಸ್ಸು ಒಪ್ಪಲಿಲ್ಲ.

ನನ್ನ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯ ಸಂಜೆ ಏಳಕ್ಕೆ ಊರಿನ ದೀಪ, ಫ್ಯಾನು, ಮಿಕ್ಸರು ಎಲ್ಲ ಒಟ್ಟಿಗೆ ಶುರುವಾಗುತ್ತವೆ. ಅದೇ ಹೊತ್ತಿಗೆ ದೊಡ್ಡ ಕಟ್ಟಡಗಳು ತಮ್ಮ ಮೋಟಾರು, ಏಸಿಗಳನ್ನೂ ಓಡಿಸಿದರೆ ಲೈನು ಭಾರ ತಾಳದೆ ಟ್ರಿಪ್ ಆಗಿ ಕರೆಂಟ್ ಹೋಗುತ್ತದೆ. ಆ ಒಂದು ತಾಸು ದೊಡ್ಡ ಕಟ್ಟಡ ತನ್ನ ಭಾರ ಇಳಿಸಿಕೊಂಡರೆ ಸಣ್ಣ ಮನೆಗಳ ದೀಪ ಉಳಿಯುತ್ತದೆ. ವರದಿಗಳಲ್ಲಿ ಇದನ್ನು ಬೇಡಿಕೆ ಸ್ಪಂದನೆ ಎಂದು ಬರೆಯುತ್ತೇವೆ. ಯಾವ ಕಟ್ಟಡ ಯಾವ ಕೆಲಸವನ್ನು ಮುಂಚೆ ಮಾಡಿಟ್ಟುಕೊಳ್ಳಬಹುದು, ಯಾವುದನ್ನು ತಡಮಾಡಬಹುದು ಎಂದು ಹುಡುಕುವುದು ನನ್ನ ಪಾಲಿನ ಕೆಲಸ.

ಹಿಂದಿನ ವರ್ಷ ಇದೇ ತಿಂಗಳು ಹುಕ್ಕೇರಿಯ ಒಂದು ಹುಡುಗಿಯರ ಹಾಸ್ಟೆಲಿನಲ್ಲಿ ಇದನ್ನೇ ಮಾಡಲು ಹೋಗಿದ್ದೆ. ಆಡಳಿತ ಮಂಡಳಿಯವರ ಜೊತೆ ಕೂತು ಮಾತಾಡಿ, ಸಹಿ ಹಾಕಿಸಿಕೊಂಡು, ವಿದ್ಯುತ್ ಪೆಟ್ಟಿಗೆಯಲ್ಲಿ ಒಂದು ಟೈಮರ್ ಕೂರಿಸಿ ಧಾರವಾಡಕ್ಕೆ ಮರಳಿದ್ದೆ. ಸಂಜೆ ಏಳಕ್ಕೆ ಅದು ನೀರಿನ ಪಂಪನ್ನೂ ಮೊಗಸಾಲೆಯ ಅರ್ಧ ದೀಪಗಳನ್ನೂ ಆರಿಸುತ್ತಿತ್ತು. ಮೂರನೆಯ ದಿನ ಮೇಲಿನ ಟಾಕಿ ಖಾಲಿಯಿತ್ತು. ಹುಡುಗಿಯರು ಕೆಳಗಿನ ಹೌದಿನಿಂದ ಬಕೆಟ್ ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಮಬ್ಬಿನಲ್ಲಿ ಒಬ್ಬಳು ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಪರೀಕ್ಷೆಗೆ ಆರು ದಿನ ಉಳಿದಿತ್ತು. ನಾನು ಫೋನಿನಲ್ಲಿ ಕ್ಷಮೆ ಕೇಳಿದ್ದೆ, ಅಷ್ಟೇ.

ಹುಕ್ಕೇರಿಯಲ್ಲಿ ಇಳಿದಾಗ ಹನ್ನೊಂದು ದಾಟಿತ್ತು. ಬಸ್ ನಿಲ್ದಾಣದ ಎದುರು ಚಹಾ ಹೇಳಿ ಅರ್ಧ ಕುಡಿದು ಬಿಟ್ಟೆ. ಇನ್ನೊಂದು ಅಂಗಡಿಯಲ್ಲಿ ಮಜ್ಜಿಗೆ ಹೇಳಿ ಅದನ್ನೂ ಪೂರ್ತಿ ಮುಗಿಸಲಿಲ್ಲ. ಹಾಸ್ಟೆಲಿನ ಗೇಟಿನವರೆಗೆ ಹೋಗಿ, ದಾರಿ ತಪ್ಪಿದವಳಂತೆ ಮುಂದೆ ನಡೆದು, ಮತ್ತೆ ತಿರುಗಿ ಬಂದೆ.

ವಾರ್ಡನ್ ನಿರ್ಮಲಾ ಅವರು ನನ್ನ ಗುರುತು ಹಿಡಿದರು. ಒಳಗೆ ಕರೆದು ಕುರ್ಚಿ ಕೊಟ್ಟರು. ನಾನು ಕೂರದೆ ನಿಂತೇ ಮಾತಾಡತೊಡಗಿದಾಗ, "ಮೊದ್ಲ ಕುಂದರ್ರಿ ಸುನಂದಾ ಮೇಡಂ. ನೀವು ಬಂದೀರಿ, ಅದ ಭಾಳ ಆತು. ಸವಿತಾನ್ನ ಕರಸ್ತೀನಿ, ಅಕಿ ಮುಂದನ ಹೇಳ್ರಿ" ಎಂದರು.

ಸವಿತಾ ಬಂದಳು. ಎತ್ತರದ ಹುಡುಗಿ, ಮಮದಾಪುರದ ರೈತರ ಮನೆಯವಳು. ಬಲಗೈ ನೆಟ್ಟಗಿತ್ತು, ಆದರೆ ಪುಸ್ತಕವನ್ನು ಎಡಗೈಯಲ್ಲಿ ಹಿಡಿದಿದ್ದಳು. ನಾನು ಕ್ಷಮೆ ಕೇಳಿದೆ. ಅವಳು ಮುಜುಗರದಿಂದ ವಾರ್ಡನ್ ಕಡೆ ನೋಡಿದಳು.

"ಕೈ ಸರಿ ಆಗೇತ್ರಿ. ಬ್ಯಾರೆಯವ್ರ ಕಡಿಂದ ಬರಸಿ ಪರೀಕ್ಷಾ ಪಾಸ್ ಆದೆ" ಎಂದಳು. ಆಮೇಲೆ ಕೇಳಿದಳು: "ಆದ್ರ ಮೇಡಂ, ಲೈಟ್ ಆರಿಸೋ ಹೊತ್ತಿನ್ಯಾಗ ನಿಮ್ಮವ್ರು ಯಾರರ ಇಲ್ಲೆ ಇದ್ರೇನ್ರಿ?"

"ಇದ್ದಿಲ್ಲವ್ವಾ" ಎಂದೆ.

"ಇದ್ದಿದ್ರ ಟಾಕಿ ಖಾಲಿ ಐತಿ ಅಂತ ನಾವ ಹೇಳತಿದ್ವಿ. ನಾಲ್ಕಕ್ಕ ಪಂಪ್ ಚಾಲೂ ಮಾಡಿದ್ರ ಏಳಕ್ಕ ಟಾಕಿ ತುಂಬಿರತಿತ್ತು. ಆಮ್ಯಾಲ ಬಂದ್ ಮಾಡಿದ್ರ ಯಾರಿಗೂ ತ್ರಾಸ ಆಗತಿದ್ದಿಲ್ಲ."

ನನ್ನ ಕೆಲಸದ ಮೂಲ ಪಾಠವನ್ನು ಆ ಹುಡುಗಿ ನನಗೇ ಹೇಳಿದ್ದಳು. ಮುಂಚೆ ತುಂಬಿಸಿಟ್ಟುಕೋ, ಆಮೇಲೆ ನಿಲ್ಲಿಸು. ನನಗೆ ಗೊತ್ತಿದ್ದ ಮಾತು ಅದು. ಟಾಕಿ ತುಂಬಿದೆಯೇ ಎಂದು ಯಾರನ್ನೂ ಕೇಳಿರಲಿಲ್ಲ, ಅಷ್ಟೇ.

ಮಧ್ಯಾಹ್ನ ಹಾಸ್ಟೆಲಿನಲ್ಲೇ ರೊಟ್ಟಿ, ಝುಣಕ ಬಡಿಸಿದರು. ಮೂರು ಗಂಟೆಯ ಬಸ್ಸಿಗೆ ಹೊರಟೆ. ಘಟಪ್ರಭಾ ದಾಟಿ ಗೋಕಾಕ ಸೇರುವಾಗ ಬಿಸಿಲು ಇಳಿದಿರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆ. ಮ್ಯಾನೇಜರ್ ಜಲಪಾತ ನೋಡಲು ಬಂದವಳೆಂದು ತಿಳಿದು, "ಈಗ ನೀರಿಲ್ರಿ, ಬರೇ ಕಲ್ಲ" ಎಂದು ತಾನಾಗಿಯೇ ಹೇಳಿದರು.

ಮರುದಿನ ಬೆಳಿಗ್ಗೆ ವಿದ್ಯುತ್ ಕಚೇರಿಗೆ ಹೋದೆ. ಅಲ್ಲಿಯ ಎಂಜಿನಿಯರ್ ಪಾಟೀಲರು ಮೇಜಿನ ಮೇಲೆ ನಕ್ಷೆ ಹರಡಿ ಮೂಡಲಗಿ ಸಬ್‌ಸ್ಟೇಷನ್ನಿನಿಂದ ಹೊರಡುವ ಒಂದು ಲೈನಿನ ಮೇಲೆ ಬೆರಳಿಟ್ಟರು. ಅದರ ಮೇಲೆ ಒಂದು ಹಾಲು ತಂಪು ಮಾಡುವ ಕೇಂದ್ರ, ಒಂದು ಮಂಗಲ ಕಾರ್ಯಾಲಯ, ಆಮೇಲೆ ಮಸಗುಪ್ಪಿ ಊರು.

"ಹೊಸಾ ಲೈನ್ ಹಾಕತೇವ್ರಿ, ಅದು ಮುಂದಿನ ಬ್ಯಾಸಗಿ ಮಾತು. ಈ ಬ್ಯಾಸಗಿಗೆ ಏನ್ ಮಾಡೂದು? ದಿನಾ ಸಂಜಿಕ ಏಳರಿಂದ ಎಂಟರ ನಡಕ ಬೀಳತೈತಿ" ಎಂದರು. "ಮೂರು ಸಂಜಿ ನೋಡ್ರಿ ನೀವು. ಇದು ಸರಿ ಆದ್ರ ಇಡೀ ಬ್ಯಾಸಗಿ ನಡಸೂಣು. ಆಗಲಿಲ್ಲ ಅಂದ್ರ, ಊರೂರಿಗೆ ಪಾಳಿ ಹಚ್ಚಿ ನಾವ ಬಂದ್ ಮಾಡಬೇಕಾಗತೈತಿ. ಮೊದಲನೇ ಪಾಳಿ ಮಸಗುಪ್ಪಿದ ಬರತೈತಿ."

ಕಾಗದಪತ್ರ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅಂದು ಏನೂ ಮಾಡುವಂತಿರಲಿಲ್ಲ. ಪೇಟೆಯಲ್ಲಿ ಸುಮ್ಮನೆ ತಿರುಗಿದೆ. ಕೋರ್ಟಿನ ಮುಂದಿನ ಬೇವಿನ ಮರಗಳ ಕೆಳಗೆ ಕಕ್ಷಿದಾರರು ಚೀಲ ತಲೆಗಿಟ್ಟು ಮಲಗಿದ್ದರು. ಅವರ ನಿದ್ದೆ ನೋಡಿ ಹೊಟ್ಟೆಕಿಚ್ಚಾಯಿತು. ನಾನು ಕೋಣೆಗೆ ಹೋಗಿ, ಫ್ಯಾನಿನ ಕೆಳಗೆ ಐದು ನಿಮಿಷ ಕೂತು, ಮತ್ತೆ ಕೆಳಗಿಳಿದು ಬಂದೆ.

ಮೂರನೆಯ ದಿನ ಬೆಳಿಗ್ಗೆ ಮೂಡಲಗಿ ಬಸ್ಸು ಹತ್ತಿ, ನಡುವೆ ಮಸಗುಪ್ಪಿಯಲ್ಲೇ ಇಳಿದೆ. ಲೈನು ಹೋದರೆ ಯಾರಿಗೆ ಏನಾಗುತ್ತದೆ ಎಂದು ಕೇಳಿಕೊಂಡೇ ಮುಂದೆ ಹೋಗಬೇಕೆಂದು ನಿಶ್ಚಯಿಸಿದ್ದೆ. ಕಿರಾಣಿ ಅಂಗಡಿಯವರು ಒಂದು ಮನೆ ತೋರಿಸಿ, "ಅಲ್ಲೆ ಕೇಳ್ರಿ" ಎಂದರು.

ಆ ಮನೆಯ ಯಲ್ಲವ್ವ ಕೂಲಿ ಕೆಲಸದವರು, ಅರವತ್ತರ ಹತ್ತಿರದವರು. ಅವರ ಗಂಡ ಭೀಮಪ್ಪ ಕಲ್ಲು ಒಡೆಯುವ ಕ್ವಾರಿಯಲ್ಲಿ ದುಡಿದು ಪುಪ್ಪುಸ ಹಾಳು ಮಾಡಿಕೊಂಡಿದ್ದರು. ಮೂಗಿಗೆ ಸಣ್ಣ ನಳಿಗೆ, ಪಕ್ಕದಲ್ಲಿ ಗುರ್ರೆನ್ನುವ ಆಕ್ಸಿಜನ್ ಮಷಿನ್. ಕರೆಂಟ್ ಹೋದರೆ ಮಷಿನ್ ನಿಲ್ಲುತ್ತದೆ. ಆಗ ಮೂಲೆಯಲ್ಲಿರುವ ಸಿಲಿಂಡರಿಗೆ ನಳಿಗೆ ಜೋಡಿಸಬೇಕು. ಅದರ ವಾಲ್ವ್ ತಿರುಗಿಸುವ ಸ್ಪ್ಯಾನರು, ಅವರ ಮಾತಿನಲ್ಲಿ ಪಾನಾ, ಯಲ್ಲವ್ವನ ಸೆರಗಿಗೆ ಕಟ್ಟಿತ್ತು.

"ಸಿಲಿಂಡರ್ ಗೋಕಾಕಕ್ಕ ಹೋಗಿ ತುಂಬಿಸ್ಕೊಂಡ ಬರಬೇಕ್ರಿ ಅಕ್ಕಾರ" ಎಂದರು ಯಲ್ಲವ್ವ. "ದಿನಾ ಸಂಜಿಕ ಒಂದು ತಾಸು ಕರೆಂಟ್ ಹೋದ್ರ ವಾರಕ್ಕ ಖಾಲಿ ಆಗತೈತಿ. ಸಂಜಿ ಆತಂದ್ರ ನಾ ಮನಿ ಬಿಟ್ಟ ಹೊರಗ ಹೋಗಾಂಗಿಲ್ಲ. ಇವ್ರ ತುಟಿ ನೋಡ್ಕೋತ ಕುಂದರತೇನಿ, ನೀಲಿ ಆಗತಾವೇನಂತ."

ಭೀಮಪ್ಪ ನಳಿಗೆಯನ್ನು ಸರಿಮಾಡಿಕೊಂಡು ನಕ್ಕರು. "ಅಕಿ ನನ್ನ ಲಗ್ನದಾಗ ಸೈತ ಇಷ್ಟ ನೋಡಿಲ್ರಿ" ಎಂದರು, ಎರಡು ಉಸಿರಿನಲ್ಲಿ.

ಇವತ್ತಿನಿಂದ ಏಳರಿಂದ ಎಂಟರವರೆಗೆ ಕರೆಂಟ್ ಹೋಗದ ಹಾಗೆ ನೋಡುತ್ತೇವೆ ಎಂದು ಹೇಳಿದೆ. ಹೇಳಬಾರದಿತ್ತೇನೋ ಎನ್ನಿಸಿತು. ನನ್ನ ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು ಹೊರಟೆ. ಮೂಡಲಗಿಗೆ ಟೆಂಪೋ ಸಿಕ್ಕಿತು.

ಹಾಲಿನ ಕೇಂದ್ರದ ಉಸ್ತುವಾರಿ ಮಿಲಿಂದ ಕಾಂಬಳೆ. ಮೂವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಥರ್ಮಾಮೀಟರ್. ಅಪ್ಪ ಅವ್ವ ಬೇರೆಯವರ ಹೊಲದಲ್ಲಿ ದುಡಿದವರು. ಇವರು ಡಿಪ್ಲೊಮಾ ಮಾಡಿ ಈ ಕೇಂದ್ರ ಸೇರಿದ್ದರು. ಅವರ ಸಣ್ಣ ಕೋಣೆಯ ಗೋಡೆಯಲ್ಲಿ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ದಿನದಿನದ ತಾಪಮಾನದ ಹಾಳೆ. ಸುತ್ತಲಿನ ಊರುಗಳ ಹಾಲು ಸಂಜೆ ಆರೂವರೆಯಿಂದ ಎಂಟರವರೆಗೆ ಅಲ್ಲಿಗೆ ಬರುತ್ತದೆ. ಬೆಚ್ಚಗೆ ಬಂದ ಹಾಲನ್ನು ಬೇಗನೆ ನಾಲ್ಕು ಡಿಗ್ರಿಗೆ ಇಳಿಸಬೇಕು. ಅಂದರೆ ಎರಡು ದೊಡ್ಡ ಕಂಪ್ರೆಸರುಗಳು ಸರಿಯಾಗಿ ನಾನು ಬೇಡ ಎನ್ನುವ ಹೊತ್ತಿನಲ್ಲೇ ಓಡುತ್ತಿದ್ದವು.

ಆದರೆ ಅಲ್ಲಿ ಒಂದು ಐಸ್ ಟ್ಯಾಂಕ್ ಇತ್ತು. ಮಧ್ಯಾಹ್ನ ಲೈನು ಹಗುರಾಗಿರುವಾಗ ಕಂಪ್ರೆಸರ್ ಓಡಿಸಿ ಅದರಲ್ಲಿ ಮಂಜುಗಡ್ಡೆ ಕಟ್ಟಿಸಿಟ್ಟರೆ, ಸಂಜೆ ಕಂಪ್ರೆಸರ್ ನಿಲ್ಲಿಸಿ, ಸಣ್ಣ ಪಂಪಿನಿಂದ ಆ ತಣ್ಣೀರನ್ನಷ್ಟೇ ಸುತ್ತಾಡಿಸಿ ಹಾಲು ತಂಪು ಮಾಡಬಹುದು. ಮಿಲಿಂದ ಎಲ್ಲ ಕೇಳಿಸಿಕೊಂಡರು. ಲೆಕ್ಕದಲ್ಲಿ ಅವರಿಗೆ ಸಂಶಯವಿರಲಿಲ್ಲ.

"ಆಗತೈತ್ರಿ ಮೇಡಂ, ನಂಗೂ ಗೊತ್ತೈತಿ" ಎಂದರು. "ಆದ್ರ ಒಂದು ಮಾತು ಹೇಳತೀನಿ, ತಪ್ಪ ತಿಳ್ಕೋಬ್ಯಾಡ್ರಿ. ಬ್ಯಾರೆಯವ್ರು ಇಲ್ಲೆ ಇದ್ದಾಗ ಹಾಲು ಕೆಟ್ಟರ ಮಷಿನ್ ಕೆಟ್ಟಿತ್ತು ಅಂತಾರ. ನಾ ಇದ್ದಾಗ ಕೆಟ್ಟರ ಕಾಂಬಳೆ ಕೆಡಸಿದ ಅಂತಾರ."

ಮೂರೂ ಸಂಜೆ ಥರ್ಮಾಮೀಟರಿನ ಮುಂದೆ ನಾನೂ ನಿಲ್ಲುತ್ತೇನೆ, ಹಾಳೆಯಲ್ಲಿ ನಿಮ್ಮ ಸಹಿಯ ಮೇಲೆ ನನ್ನ ಸಹಿ ಇರಲಿ, ಹಾಲು ಐದು ಡಿಗ್ರಿ ದಾಟಿದ ಕೂಡಲೇ ನನ್ನನ್ನು ಕೇಳದೆ ಕಂಪ್ರೆಸರ್ ಹಚ್ಚಿರಿ ಎಂದೆ. ಬೆಳಿಗ್ಗೆ ನೋಡಿ ಬಂದ ಆಕ್ಸಿಜನ್ ಮಷಿನ್ನಿನ ಸಂಗತಿಯನ್ನೂ ಹೇಳಿದೆ. ಅವರು ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ಆಮೇಲೆ ಎದ್ದು ಹೋಗಿ ಐಸ್ ಟ್ಯಾಂಕಿನ ಸ್ವಿಚ್ ಹಾಕಿದರು.

ಮಂಗಲ ಕಾರ್ಯಾಲಯದ ಮ್ಯಾನೇಜರ್ ಶಿವಾನಂದ ಅವರ ಜೊತೆ ಫೋನಿನಲ್ಲೇ ಒಪ್ಪಂದವಾಗಿತ್ತು. ಮದುವೆಯ ಕಾಲ, ಅಲ್ಲಿ ದಿನವೂ ಸಂಜೆ ಒಂದು ಆರತಕ್ಷತೆ. ಐದಕ್ಕೇ ಏಸಿ ಹಚ್ಚಿ, ಬಾಗಿಲು ಮುಚ್ಚಿ ಸಭಾಂಗಣ ತಂಪು ಮಾಡಿಟ್ಟುಕೊಂಡು, ಏಳರಿಂದ ಎಂಟರವರೆಗೆ ಏಸಿ ನಿಲ್ಲಿಸಿ ಫ್ಯಾನಿನ ಮೇಲೆ ನಡೆಸುವುದು. "ಏಳಕ್ಕ ಬಂದ್, ಎಂಟಕ್ಕ ಚಾಲೂ. ಅಷ್ಟ ಅಲ್ರಿ?" ಎಂದು ಅವರು ಕೇಳಿದ್ದರು. "ಅಷ್ಟ" ಎಂದಿದ್ದೆ.

ಸಂಜೆ ಏಳಕ್ಕೆ ಮಿಲಿಂದ ಎರಡೂ ಕಂಪ್ರೆಸರ್ ನಿಲ್ಲಿಸಿದರು. ಕೇಂದ್ರದಲ್ಲಿ ಒಮ್ಮೆಲೇ ಸದ್ದಡಗಿತು. ಹೊರಗೆ ಕ್ಯಾನುಗಳು ನೆಲಕ್ಕೆ ತಾಗುವ ಸಪ್ಪಳ ಮಾತ್ರ. ಹಾಲು ತಂದ ರೈತರೊಬ್ಬರು ಒಳಗೆ ಇಣುಕಿ, "ಯಾಕ ಕಾಂಬಳೆ ಸರ್, ಮಷಿನ್ ನಿಂತೈತಲ್ಲ?" ಎಂದರು. "ಐಸಿನ ಮ್ಯಾಲ ನಡದೈತಿ, ಬರ್ರಿ" ಎಂದರು ಮಿಲಿಂದ. ದನಿ ಗಟ್ಟಿಯಾಗಿತ್ತು. ಥರ್ಮಾಮೀಟರನ್ನು ಮಾತ್ರ ಹಾಲಿನಿಂದ ಹೊರಗೆ ತೆಗೆಯಲೇ ಇಲ್ಲ.

ಆ ಒಂದು ತಾಸು ನಾನು ಕೂರಲಿಲ್ಲ. ಟ್ಯಾಂಕಿನಿಂದ ಬಾಗಿಲಿಗೆ, ಬಾಗಿಲಿನಿಂದ ಮೀಟರಿಗೆ ನಡೆದೆ. ಸಬ್‌ಸ್ಟೇಷನ್ನಿಗೆ ನಾಲ್ಕು ಸಲ ಫೋನು ಮಾಡಿದೆ. ಹಾಲು ನಾಲ್ಕರ ಕೆಳಗೇ ನಿಂತಿತು. ಏಳೂವರೆ ಆಯಿತು. ಏಳೂ ಮುಕ್ಕಾಲಾಯಿತು. ಲೈನು ಹೋಗಲಿಲ್ಲ. ಎಂಟು ಗಂಟೆ ಹೊಡೆದಾಗ ಮಿಲಿಂದ ನನ್ನತ್ತ ನೋಡಿ ಮೊದಲ ಬಾರಿ ನಕ್ಕರು. ಎರಡೂ ಸ್ವಿಚ್ ಒತ್ತಿದರು. ಕಂಪ್ರೆಸರುಗಳು ಗುಡುಗಿದವು. ಅರೆ ನಿಮಿಷ ಆಗಿರಬೇಕು. ದೀಪ ಒಮ್ಮೆ ಮಂಕಾಗಿ ಆರಿಹೋಯಿತು.

ಮೊದಲು ನನಗೆ ಅರ್ಥವಾಗಲಿಲ್ಲ. ಕೇಂದ್ರದ ಜನರೇಟರ್ ತಾನಾಗಿಯೇ ಹತ್ತಿಕೊಂಡು ನಮ್ಮ ದೀಪಗಳು ಮರಳಿದ ಮೇಲೆ ಹೊಳೆಯಿತು. ಎಂಟಕ್ಕೆ ಚಾಲೂ ಎಂದು ಎಲ್ಲರಿಗೂ ಹೇಳಿದವಳು ನಾನೇ. ಎರಡು ಕಂಪ್ರೆಸರು, ಸಭಾಂಗಣದ ಅಷ್ಟೂ ಏಸಿ, ಎಲ್ಲ ಒಂದೇ ಗಳಿಗೆಗೆ ಎದ್ದು ಲೈನಿನ ಮೇಲೆ ಬಿದ್ದಿದ್ದವು. ನಾವು ಝಗಝಗಿಸುವ ಬೆಳಕಿನಲ್ಲಿ ನಿಂತಿದ್ದೆವು. ಮಸಗುಪ್ಪಿಗೆ ಜನರೇಟರ್ ಇರಲಿಲ್ಲ.

ಫೋನು ಮಾಡಿದೆ. ಯಲ್ಲವ್ವ ಎತ್ತಲಿಲ್ಲ. ಮತ್ತೆ ಮಾಡಿದೆ. "ಹತ್ರಿ ಮೇಡಂ" ಎಂದು ಮಿಲಿಂದ ಬೈಕ್ ತೆಗೆದರು. ಕೇಂದ್ರವನ್ನು ಸಹಾಯಕರಿಗೆ ಒಪ್ಪಿಸಿ ಹೊರಟೆವು. ರಸ್ತೆಯ ಎರಡೂ ಬದಿ ಕಬ್ಬು, ಬಿಸಿಗಾಳಿ, ದಾರಿಯುದ್ದಕ್ಕೂ ಕತ್ತಲೆಯ ಮನೆಗಳು. ಇಷ್ಟು ನಿಧಾನವಾಗಿ ಬೈಕ್ ಓಡಿಸುವವರನ್ನು ನಾನು ಕಂಡೇ ಇಲ್ಲ ಎನ್ನಿಸಿತು. ಅವರು ವೇಗವಾಗಿಯೇ ಓಡಿಸುತ್ತಿದ್ದರು.

ಯಲ್ಲವ್ವನ ಮನೆಯಲ್ಲಿ ಬ್ಯಾಟರಿ ದೀಪ ಉರಿಯುತ್ತಿತ್ತು. ಭೀಮಪ್ಪ ಗೋಡೆಗೆ ಒರಗಿ ಕೂತಿದ್ದರು. ನಳಿಗೆ ಸಿಲಿಂಡರಿಗೆ ಜೋಡಣೆಯಾಗಿತ್ತು. ಯಲ್ಲವ್ವನ ಕೈಯಲ್ಲಿ ಪಾನಾ ಇತ್ತು, ಅದಕ್ಕೇ ಫೋನು ಎತ್ತಿರಲಿಲ್ಲ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

"ಎಂಟರ ತನಕ ಇರತೈತಿ ಅಂದಿದ್ರಿ, ಇತ್ತು. ಖರೆ ಐತಿ" ಎಂದರು. "ಎಂಟಾತು, ನಾನೂ ನಿಶ್ಚಿಂತಿಲೆ ಒಲಿ ಹಚ್ಚಾಕ ಹಿತ್ತಲಕ ಹೋದೆ. ಆವಾಗ ಹೋತು ನೋಡ್ರಿ. ದಿನಾ ಬಾಜೂಕ ಕುಂತಿರತಿದ್ದೆ, ಇವತ್ತ ಇದ್ದಿಲ್ಲ."

ನಾನು ನೆಲದ ಮೇಲೆ ಕೂತೆ. ತಪ್ಪು ನನ್ನದು, ಎಲ್ಲರೂ ಒಟ್ಟಿಗೆ ಹಚ್ಚುವ ಹಾಗೆ ಹೇಳಿದವಳು ನಾನು ಎಂದೆ. ಅವರಿಗೆ ಅರ್ಥವಾಗುವುದಿಲ್ಲವೇನೋ ಎಂದು ಬಿಡಿಸಿ ಹೇಳಲು ಹೊರಟಾಗ ಯಲ್ಲವ್ವ ತಡೆದರು. "ತಿಳೀತ್ರಿ. ಊರಾಗ ನೀರ ಬಿಟ್ಟ ಕೂಡಲೆ ಎಲ್ಲಾರೂ ನಳಾ ತಿರುವಿದ್ರ ಕಡೀ ಮನಿಗೆ ಬರಾಂಗಿಲ್ಲ. ಒಬ್ಬೊಬ್ರ ತುಂಬ್ಕೋಬೇಕು."

ಮಿಲಿಂದ ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣು ಭೀಮಪ್ಪನ ಮೂಗಿನ ನಳಿಗೆಯ ಮೇಲಿತ್ತು. ಒಳಗೆ ಬಂದು, ಕ್ಯಾಲೆಂಡರಿನಲ್ಲಿ ನನ್ನ ನಂಬರಿನ ಕೆಳಗೆ ತಮ್ಮ ನಂಬರು ಬರೆದರು. "ನಾ ಇಲ್ಲೆ ಮೂಡಲಗ್ಯಾಗ ಇರತೀನ್ರಿ ಅವ್ವಾ. ಮೊದ್ಲ ನನಗ ಫೋನ್ ಮಾಡ್ರಿ" ಎಂದರು. ಮುಕ್ಕಾಲು ತಾಸಿನ ಮೇಲೆ ಕರೆಂಟ್ ಬಂದಾಗ ಮಷಿನ್ ಗುರ್ರೆಂದಿತು. ಅದರ ಸದ್ದು ಕೇಳಿಯೇ ನಾವು ಎದ್ದೆವು.

ಮರುದಿನ ಪಾಟೀಲರಿಗೆ ಫೋನಿನಲ್ಲಿ ಎಲ್ಲವನ್ನೂ ಮುಚ್ಚಿಡದೆ ಹೇಳಿದೆ. ಅವರು "ಇನ್ನ ಎರಡು ಸಂಜಿ ಅದಾವು" ಎಂದಷ್ಟೇ ಹೇಳಿ ಫೋನು ಇಟ್ಟರು. ರಾತ್ರಿ ಮೂಡಲಗಿಯಲ್ಲೇ ಉಳಿದಿದ್ದೆ, ಬೆಳಿಗ್ಗೆಯೇ ಮಂಗಲ ಕಾರ್ಯಾಲಯಕ್ಕೆ ನಡೆದುಹೋದೆ. ಶಿವಾನಂದ ಅವರು ಊಟದ ಎಲೆ ಎತ್ತಿಸುತ್ತಿದ್ದರು. "ನೀವು ಹೇಳಿದ್ದ ಮಾಡೇನ್ರಿ ನಾ" ಎಂದು ಮೊದಲೇ ಹೇಳಿಬಿಟ್ಟರು. ಹೌದು, ಅದೇ ತಪ್ಪಾಯಿತು ಎಂದೆ. ಕೂತು ಹೊಸ ಸರತಿ ಮಾಡಿದೆವು. ಎಂಟಕ್ಕೆ ಒಂದು ಕಂಪ್ರೆಸರ್. ಎಂಟೂಕಾಲಿಗೆ ಅರ್ಧ ಏಸಿ. ಎಂಟೂವರೆಗೆ ಎರಡನೆಯ ಕಂಪ್ರೆಸರ್. ಕೊನೆಗೆ ಉಳಿದ ಏಸಿ. ಮುಂದಿನವರು ಹಚ್ಚುವ ಮೊದಲು ಹಿಂದಿನವರಿಗೆ ಫೋನು ಮಾಡಿ ಕೇಳಬೇಕು. ಮಿಲಿಂದ ಅದನ್ನು ಸೀಮೆಸುಣ್ಣದಿಂದ ಕೇಂದ್ರದ ಸ್ವಿಚ್ ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ ಬರೆದರು.

ಆ ಸಂಜೆ ಏಳರಿಂದ ಎಂಟರವರೆಗೆ ಲೈನು ಬೀಳಲಿಲ್ಲ. ಎಂಟಾಯಿತು. ಮೊದಲ ಕಂಪ್ರೆಸರ್ ಎದ್ದಿತು. ದೀಪ ಸ್ವಲ್ಪ ನಡುಗಿ ಸ್ಥಿರವಾಯಿತು. ಶಿವಾನಂದರ ಫೋನು ಬಂತು, ಅವರ ಅರ್ಧ ಏಸಿ ಎದ್ದವು. ಎಂಟೂವರೆಗೆ ಎರಡನೆಯ ಸ್ವಿಚ್ ಒತ್ತುವ ಮೊದಲು ಮಿಲಿಂದ ಥರ್ಮಾಮೀಟರ್ ನೋಡಿದರು, ಮೂರೂವರೆ ಡಿಗ್ರಿ. ಒತ್ತಿದರು. ದೀಪ ಆರಲಿಲ್ಲ. ಒಂಬತ್ತಕ್ಕೆ ಯಲ್ಲವ್ವನಿಗೆ ಫೋನು ಮಾಡಿದಾಗ, "ಇವತ್ತ ಪಾನಾ ಮುಟ್ಟಿಲ್ರಿ" ಎಂದರು. ಹಾಳೆಯಲ್ಲಿ ಸಹಿ ಮಾಡಲು ಹೋದೆ. ಮಿಲಿಂದ ಹಾಳೆಯನ್ನು ತಮ್ಮತ್ತ ಎಳೆದುಕೊಂಡರು. "ಇವತ್ತ ನನ್ನ ಸಹಿ ಒಂದ ಇರ್ಲಿ ಬಿಡ್ರಿ" ಎಂದರು.

ಐದನೆಯ ದಿನ ಮೂರನೆಯ ಸಂಜೆ. ನಾನು ಅಂದು ರಾತ್ರಿಯೂ ಉಳಿಯುವ ಯೋಚನೆಯಲ್ಲಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮಿಲಿಂದ ಕೇಳಿದರು, "ಇಡೀ ಬ್ಯಾಸಗಿ ನೀವು ಇಲ್ಲೇ ಇರತೀರೇನ್ರಿ?"

"ಇಲ್ಲ."

"ಹಂಗಾದ್ರ ಇವತ್ತ ಹೋಗ್ರಿ. ನೀವಿಲ್ದ ನಡೀತೈತೋ ಇಲ್ಲೋ ನೋಡೂಣು. ಪಾಟೀಲ ಸಾಹೇಬ್ರು ನೋಡೂದೂ ಅದನ್ನ."

ಅವರು ಹೇಳಿದ್ದು ಸರಿಯಿತ್ತು. ಆದರೂ ಮೂರು ಬಸ್ಸು ಬಿಟ್ಟೆ. ನಾಲ್ಕನೆಯದು ಸಂಜೆ ಆರೂ ಮುಕ್ಕಾಲಿನದು, ಅದನ್ನು ಹತ್ತಿದೆ. ಮೂಡಲಗಿ ದಾಟುವಾಗ ಹಾಲಿನ ಟೆಂಪೋಗಳು ಎದುರಿನಿಂದ ಬರುತ್ತಿದ್ದವು. ಏಳು ಗಂಟೆಯಾಯಿತು. ಕೈ ಚೀಲದೊಳಗಿನ ಫೋನಿಗೆ ಹೋಯಿತು. ಹೊರಗೆ ತೆಗೆದೆ, ಮತ್ತೆ ಒಳಗಿಟ್ಟೆ. ಈಗ ಫೋನು ಮಾಡಿದರೆ ಮಿಲಿಂದ ಕೆಲಸ ಬಿಟ್ಟು ನನಗೆ ಧೈರ್ಯ ಹೇಳಬೇಕಾಗುತ್ತದೆ ಎನ್ನಿಸಿತು.

ಬಸ್ಸು ಮಸಗುಪ್ಪಿಯಲ್ಲಿ ನಿಂತಿತು. ಇಬ್ಬರು ಇಳಿದರು, ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬರು ಹತ್ತಿದರು. ಕಂಡಕ್ಟರ್ ಸೀಟಿ ಊದುವ ಮೊದಲು ಕಿಟಕಿಯಿಂದ ನೋಡಿದೆ. ಓಣಿಯ ದೀಪಗಳು ಉರಿಯುತ್ತಿದ್ದವು. ಯಾರ ಮನೆಯಲ್ಲೋ ಟಿವಿ ಜೋರಾಗಿತ್ತು. ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತು ಮಾತಾಡುತ್ತಿದ್ದರು. ಅವರ ನಡುವೆ ಯಲ್ಲವ್ವ ಇದ್ದರು. ಸಂಜೆ ಏಳೂಕಾಲಿಗೆ, ಮನೆಯ ಹೊರಗೆ. ಯಾವುದೋ ಮಾತಿಗೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಬಸ್ಸಿನ ಕಡೆ ನೋಡಲಿಲ್ಲ.

ನಾನು ಕರೆಯಲಿಲ್ಲ. ಬಸ್ಸು ಗೋಕಾಕದ ದಾರಿ ಹಿಡಿಯಿತು.